ಮೊದಲು ನೀರು ನೋಡಿ, ಆಮೇಲೆ ಗಾಳ ಹಾಕಿ: ಉತ್ತರ ಕನ್ನಡದ ನದಿಗಳಲ್ಲಿ ಕಾಲಕ್ಕೆ ತಕ್ಕ ಮೀನು ಶಿಕಾರಿ

ಕಾರವಾರದ ಮೀನು ಪೇಟೆಯಲ್ಲಿ ರಾವಸ ಕೊಳ್ಳಲು ನಿಂತರೆ ಪಕ್ಕದಲ್ಲಿದ್ದವರು ಯಾರಾದರೂ ‘ಇದೇ ನಮ್ಮ ಸಾಲ್ಮನ್’ ಅನ್ನುತ್ತಾರೆ. ಹೋಟೆಲಿನ ಮೆನುವಿನಲ್ಲೂ ಎಷ್ಟೋ ಸಲ ಹಾಗೇ ಇರುತ್ತದೆ. ರಾವಸ ಬಹಳ ಒಳ್ಳೆಯ ಮೀನು. ಆದರೆ ಸಾಲ್ಮನ್‌ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಎದೆಯ ರೆಕ್ಕೆಯ ಕೆಳಗೆ ದಾರದ ಹಾಗೆ ನಾಲ್ಕು ಎಳೆ ಇಳಿಬಿದ್ದಿದ್ದರೆ ಅದು ರಾವಸ. ಸಾಲ್ಮನ್ ಚಳಿ ದೇಶದ್ದು. ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ನದಿ ಹತ್ತುತ್ತದೆ. ಸ್ಟರ್ಜನ್ ಜಾತಿಯ ಹೆಚ್ಚಿನ ಮೀನುಗಳದ್ದೂ ಇದೇ ದಾರಿ. ಟ್ರೌಟ್‌ಗೆ ಸದಾ ತಣ್ಣನೆ ನೀರು ಬೇಕು. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರ್‌ನಂಥ ಎತ್ತರದ ಬೆಟ್ಟಗಳಲ್ಲಿ ಹೊರಗಿನಿಂದ ತಂದು ಬಿಟ್ಟದ್ದು ಉಳಿದುಕೊಂಡಿದೆ. ನಮ್ಮ ಶಿರಸಿ, ಸಿದ್ದಾಪುರದ ಹಳ್ಳಗಳು ಅದಕ್ಕೆ ಬಿಸಿಯಾದವು.

ಆದರೆ ಆ ಮೀನು ಹಿಡಿಯುವವರ ಒಂದು ಅಭ್ಯಾಸ ನಮಗೂ ಬೇಕು. ಯಾವ ತಿಂಗಳಲ್ಲಿ ಮೀನು ಯಾವ ಕಡೆ ಹೊರಟಿದೆ ಅಂತ ತಿಳಿದುಕೊಂಡೇ ಅವರು ಮನೆ ಬಿಡುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಭಾನುವಾರ ರಜೆ ಇದೆ ಅಂತ ಸುಮ್ನೆ ಕಡ್ಡಿ ಹಿಡಿದು ಹೊರಡುತ್ತಾರೆ. ನಾಲ್ಕು ಗಂಟೆ ಬಿಸಿಲಲ್ಲಿ ನಿಂತು ಬರಿಗೈಲಿ ಬರುತ್ತಾರೆ. ಅವರ ಕೈ ಚೆನ್ನಾಗಿಯೇ ಇರುತ್ತದೆ, ಹೊತ್ತು ತಪ್ಪಿರುತ್ತದೆ.

ನಿಮ್ಮ ನದಿ ಯಾವುದು?

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರುವವರೆಗೆ ಅದು ಮಳೆ ಹೇಳಿದಂತೆ ಕೇಳುವ ನದಿ. ಮಳೆಗಾಲದಲ್ಲಿ ಅಳಿವೆಯವರೆಗೂ ಸಿಹಿನೀರು ಬರುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ದೀವಗಿ ಸೇತುವೆಯನ್ನೂ ದಾಟಿ ಒಳಗೆ ಹೋಗುತ್ತದೆ. ಈ ಏರುಪೇರಿನಿಂದಲೇ ಅಲ್ಲಿ ಬಳಚು (ಚಿಪ್ಪಿಮೀನು), ಶೆಟ್ಲಿ (ಸಿಗಡಿ), ಏಡಿ, ಮೀನು ಎಲ್ಲ ಇಷ್ಟೊಂದು ಇರುವುದು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಹೊಸದಾಗಿ ಗಾಳ ಹಿಡಿಯುವವರಿಗೆ ನಾನು ಮೊದಲು ಹೇಳುವುದು ಇದೇ ನದಿಯನ್ನು. ಕಾಲದ ಲೆಕ್ಕ ಇಲ್ಲಿ ನೇರವಾಗಿ ಕಲಿಯಬಹುದು.

ಶರಾವತಿಯ ಲೆಕ್ಕ ಬೇರೆ. ಲಿಂಗನಮಕ್ಕಿ, ಗೇರುಸೊಪ್ಪದಲ್ಲಿ ಕರೆಂಟು ಮಾಡಿ ಬಿಟ್ಟ ನೀರು ವರ್ಷವಿಡೀ ಕೆಳಗೆ ಇಳಿಯುತ್ತಿರುತ್ತದೆ. ಹಾಗಾಗಿ ಹೊನ್ನಾವರದ ಕಡೆ ಬೇಸಿಗೆಯಲ್ಲೂ ಹೊಳೆಯಲ್ಲಿ ಉಪ್ಪು ಕಡಿಮೆ. ಉಪ್ಪುನೀರಿನ ಮೀನು ಬೇಕಾದರೆ ಅಳಿವೆಗೆ ಹತ್ತಿರ ಹೋಗಬೇಕು. ಕಾಳಿಗೂ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ಕದ್ರಾದಿಂದ ನೀರು ಬಿಟ್ಟರೆ ಕೆಳಗೆ ನದಿಯ ಮಟ್ಟ, ಸೆಳೆತ ಎರಡೂ ಬದಲಾಗುತ್ತವೆ. ಗಂಗಾವಳಿ ಸ್ವಭಾವದಲ್ಲಿ ಅಘನಾಶಿನಿಗೇ ಹತ್ತಿರ.

ಭರತ, ಇಳಿತ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ 8ಕ್ಕೆ ನೀರು ತುಂಬಿದರೆ ನಾಳೆ 9ಕ್ಕೆ ಹತ್ತು ನಿಮಿಷ ಇರುವಾಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಕಾರವಾರ ಬಂದರಿನ ವೇಳೆ ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಆದರೆ ಅದು ಸಮುದ್ರದ ಬಾಯಿಯ ಲೆಕ್ಕ. ನದಿಯ ಒಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ನೀವು ಕೂರುವ ಜಾಗದಲ್ಲಿ ಒಂದು ಕಲ್ಲಿಗೋ ಕಂಬಕ್ಕೋ ಗುರುತು ಇಟ್ಟುಕೊಂಡು, ಮೊದಲ ಎರಡು ವಾರ ವೇಳೆ ಬರೆದುಕೊಳ್ಳಿ. ಇಷ್ಟು ಮಾಡಿದರೆ ಅರ್ಧ ವಿದ್ಯೆ ಬಂತು.

ಗಾಳಕ್ಕೆ ಒಳ್ಳೆಯ ಹೊತ್ತು ನೀರು ಓಡುತ್ತಿರುವಾಗ. ಪೂರ್ತಿ ತುಂಬಿ ನಿಂತಾಗ, ಪೂರ್ತಿ ಇಳಿದು ನಿಂತಾಗ ಮೀನು ಕಚ್ಚುವುದು ಕಡಿಮೆ. ನನಗೆ ತುಂಬ ಕೊಟ್ಟಿರುವುದು ಇಳಿತದ ಮೊದಲ ಎರಡು ಗಂಟೆ. ಯಾಕೆ ಅಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ನಿಂತು ನೋಡಿದರೆ ಕಾಣುತ್ತದೆ. ಭರತದಲ್ಲಿ ಮರಿಮೀನು, ಶೆಟ್ಲಿ ಎಲ್ಲ ಬೇರುಗಳ ಸಂದಿಗೆ ಹೋಗಿ ಮೇಯುತ್ತವೆ. ನೀರು ಇಳಿಯತೊಡಗಿದರೆ ಹೊರಗೆ ಬರಲೇಬೇಕು. ಅವು ಬರುವ ಸಣ್ಣ ತೋಡಿನ ಬಾಯಲ್ಲಿ ದೊಡ್ಡ ಮೀನು ಕಾದು ನಿಂತಿರುತ್ತದೆ. ನಿಮ್ಮ ಗಾಳ ಇರಬೇಕಾದದ್ದು ಆ ಬಾಯಲ್ಲಿ. ನದಿಯ ನಡುವಿಗೆ ದೂರ ಎಸೆಯುವ ಆಸೆ ಎಲ್ಲರಿಗೂ ಇರುತ್ತದೆ. ಮೀನು ಹೆಚ್ಚಾಗಿ ದಡಕ್ಕೆ ಹತ್ತಿರವೇ ಇರುತ್ತದೆ.

ಸಾಮಾನು, ಗಂಟು

ಜಾಸ್ತಿ ಖರ್ಚು ಬೇಡ. 7ರಿಂದ 8 ಅಡಿಯ ಒಂದು ಕಡ್ಡಿ, ಉಪ್ಪುನೀರು ತಡೆಯುವ ಮಧ್ಯಮ ರೀಲು. ಸಣ್ಣ ಮೀನಿಗೆ 0.25 ಮಿ.ಮೀ. ತಂಗೀಸು (ಗಾಳದ ನೈಲಾನ್ ದಾರ), ದೊಡ್ಡದಕ್ಕೆ 0.40. ಗಾಳ ಕೊಳ್ಳುವಾಗ ನಂಬರಿನ ಲೆಕ್ಕ ತಿಳಿದಿರಲಿ. 10, 8, 6, 4 ಅಂತ ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1/0, 2/0, 4/0 ಅಂತ ಬರೆದಿದ್ದರೆ ಸಂಖ್ಯೆ ಏರಿದಂತೆ ದೊಡ್ಡದು. ಸೀಸದ ಗುಂಡು 10, 20, 30 ಗ್ರಾಮಿನವು ನಾಲ್ಕಾರು ಇರಲಿ. ಮೂಗಿನ ಉದ್ದದ ಇಕ್ಕಳ ಖಂಡಿತ ಬೇಕು.

ಗಂಟು ಒಂದೇ ಕಲಿತರೆ ಸಾಕು. ತಂಗೀಸಿನ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ ಒಂದು ಗೇಣು ಹೊರಗೆ ಎಳೆಯಿರಿ. ಆ ತುದಿಯನ್ನು ಮುಖ್ಯ ದಾರಕ್ಕೆ ಐದಾರು ಸುತ್ತು ಸುತ್ತಿ. ಈಗ ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ. ಆಗ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದೆ, ಅದರೊಳಗೂ ತೂರಿಸಿ. ಬಾಯಲ್ಲಿ ಒದ್ದೆ ಮಾಡಿ, ನಿಧಾನವಾಗಿ ಎಳೆದು ಬಿಗಿ ಮಾಡಿ. ಒದ್ದೆ ಮಾಡುವುದನ್ನು ಬಿಡಬೇಡಿ. ಒಣಗಿದ ತಂಗೀಸು ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಗಂಟಿನ ಜಾಗದಲ್ಲೇ ದುರ್ಬಲವಾಗುತ್ತದೆ. ದೊಡ್ಡ ಮೀನು ತಪ್ಪುವುದು ಹೆಚ್ಚಾಗಿ ಅಲ್ಲೇ.

ಅಕ್ಟೋಬರಿಂದ ಫೆಬ್ರವರಿ: ಕಾಣೆಯ ಕಾಲ

ಮಳೆ ಕಡಿಮೆಯಾಗಿ ಕೆಂಪು ನೀರು ತಿಳಿಯಾಗುತ್ತದೆ. ಉಪ್ಪು ನಿಧಾನವಾಗಿ ಒಳಗೆ ಬರುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಿಸಿಲು ಹಿತವಾಗಿರುತ್ತದೆ, ನದಿ ಶಾಂತವಾಗಿರುತ್ತದೆ.

ಕಾಣೆ, ಕೊಂಕಣಿಯವರ ನೊಗ್ಲಿ, ಮರಳಿನ ತಳದ ಮೀನು. ಅಳಿವೆಯ ಒಳಗಿನ ಮರಳು ದಂಡೆ, ಕಾಳಿಯ ಬಾಯಿಯ ಎರಡೂ ಬದಿ, ಗಂಗಾವಳಿಯಲ್ಲಿ ಮಂಜಗುಣಿಯ ಕಡೆ, ಇಂಥ ಜಾಗ ಹುಡುಕಿ. ಇದರ ಬಾಯಿ ಸಣ್ಣದು. 8 ಅಥವಾ 10ನೇ ನಂಬರಿನ ಉದ್ದ ಕಾಲಿನ ಗಾಳ ಹಾಕಿ. ತುದಿಯಲ್ಲಿ 20 ಗ್ರಾಮಿನ ಸೀಸ, ಅದಕ್ಕಿಂತ ಒಂದು ಮೊಳ ಮೇಲೆ ಗಾಳ. ಎರೆಗೆ ಸಿಪ್ಪೆ ತೆಗೆದ ಶೆಟ್ಲಿಯ ಚೂರು ಅಥವಾ ಬಳಚಿನ ಮಾಂಸ, ಉಗುರಿನಷ್ಟು ಸಾಕು. ಜಾಸ್ತಿ ಪೋಣಿಸಿದರೆ ಕಾಣೆ ಸುತ್ತಲೂ ಕಿತ್ತು ತಿಂದು ಹೋಗುತ್ತದೆ, ಗಾಳ ನುಂಗುವುದೇ ಇಲ್ಲ.

ಎಸೆದು ತಳ ಮುಟ್ಟಿದ ಮೇಲೆ ಸುಮ್ಮನೆ ಬಿಡಬೇಡಿ. ಅರ್ಧ ನಿಮಿಷಕ್ಕೊಮ್ಮೆ ಒಂದು ಗೇಣು ನಿಧಾನವಾಗಿ ಎಳೆಯಿರಿ. ಸೀಸ ಮರಳಿನಲ್ಲಿ ಜಾರುವಾಗ ಸಣ್ಣ ದೂಳು ಏಳುತ್ತದೆ, ಕಾಣೆ ಅದನ್ನು ನೋಡಲು ಬರುತ್ತದೆ. ಕಚ್ಚಿದಾಗ ಬೆರಳಿಗೆ ‘ಟಕ್ ಟಕ್’ ಅಂತ ಗೊತ್ತಾಗುತ್ತದೆ. ಆಗ ಜೋರಾಗಿ ಎಳೆದರೆ ತುಟಿ ಹರಿದು ಹೋಗುತ್ತದೆ. ಕಡ್ಡಿಯ ತುದಿ ಎತ್ತಿ ರೀಲು ಸುತ್ತಿದರೆ ಸಾಕು. ಒಂದು ಸಿಕ್ಕಿತು ಅಂದರೆ ಅದೇ ಜಾಗಕ್ಕೆ ಮತ್ತೆ ಹಾಕಿ. ಕಾಣೆ ಗುಂಪಾಗಿ ಓಡಾಡುತ್ತದೆ.

ರಾವಸ ಸಿಕ್ಕುವುದೂ ನನಗೆ ಹೆಚ್ಚಾಗಿ ಈ ತಿಂಗಳುಗಳಲ್ಲೇ, ಅದೂ ಅಳಿವೆಯ ಬಾಯಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಇದಕ್ಕೆ ಸ್ವಲ್ಪ ದೊಡ್ಡ ಗಾಳ, ಇಡೀ ಶೆಟ್ಲಿ.

ಮಾರ್ಚಿಂದ ಮೇ: ಚೊಣಕ, ಕೆಂಬೇರಿ

ನನ್ನ ಮನಸ್ಸು ಇರುವುದು ಈ ಕಾಲದಲ್ಲಿ. ಉಪ್ಪುನೀರು ತುಂಬ ಒಳಗೆ ಬಂದಿರುತ್ತದೆ. ಸೇತುವೆಯ ಕಂಬ, ಕಲ್ಲಿನ ದಂಡೆ, ಬಿದ್ದ ಮರ, ಕಾಂಡ್ಲಾ ಬೇರು, ಇಂಥ ಅಡಗುವ ಜಾಗದಲ್ಲೆಲ್ಲ ಬೇಟೆಗಾರ ಮೀನು ಕೂತಿರುತ್ತದೆ. ಪೇಟೆಯಲ್ಲಿ ಸೀಬಾಸ್ ಅಂತಲೂ ಕರೆಯುವ ಚೊಣಕ ಅವುಗಳಲ್ಲಿ ದೊಡ್ಡದು. ಕೆಂಬೇರಿ ಅದಕ್ಕಿಂತ ಹಟಮಾರಿ. ಕಚ್ಚಿದ ಮರುಕ್ಷಣವೇ ಬೇರಿನ ಒಳಗೆ ನುಗ್ಗುತ್ತದೆ.

ಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ. ಬೆಳಕು ಹರಿಯುವ ಮುಂಚೆ ಅಥವಾ ಹೊತ್ತು ಮುಳುಗುವಾಗ ಇಳಿತ ಶುರುವಾಗುವ ದಿನ ಹುಡುಕಿ. ಜೀವಂತ ಶೆಟ್ಲಿ ಅಥವಾ ಬೆರಳುದ್ದದ ಶೆವಟೆ ಮೀನಿನ ಮರಿ ಬೇಕು. ಬೀಸುಬಲೆ ಇದ್ದವರ ಹತ್ತಿರ ಕೇಳಿದರೆ ಕೊಡುತ್ತಾರೆ. ಬಕೆಟ್ಟಿನ ನೀರು ಆಗಾಗ ಬದಲಾಯಿಸಿ, ನೆರಳಲ್ಲಿಡಿ. 2/0ರಿಂದ 4/0 ಗಾಳ. ಅದರ ಮೇಲೆ ಎರಡು ಮೊಳ ದಪ್ಪ ತಂಗೀಸು, 0.60 ಮಿ.ಮೀ. ಆದರೂ ಬೇಕು. ಚೊಣಕದ ಕಿವಿರಿನ ಅಂಚು ಬ್ಲೇಡಿನ ಹಾಗಿರುತ್ತದೆ, ತೆಳು ದಾರವನ್ನು ಕತ್ತರಿಸಿಬಿಡುತ್ತದೆ. ಶೆಟ್ಲಿಯನ್ನು ಬಾಲದ ಹತ್ತಿರ ಪೋಣಿಸಿ. ತಲೆಯಲ್ಲಿ ಕಾಣುವ ಕಪ್ಪು ಚುಕ್ಕೆಗೆ ಚುಚ್ಚಿದರೆ ಅಲ್ಲೇ ಸಾಯುತ್ತದೆ. ಸೀಸ ಆದಷ್ಟು ಕಡಿಮೆ. ಎರೆ ನೀರಿನ ಜೊತೆ ತೇಲಿಕೊಂಡು ಹೋಗಬೇಕು.

ರೀಲಿನ ಬಿಗಿಯನ್ನು ಮೊದಲೇ ಸರಿಮಾಡಿಕೊಳ್ಳಿ. ದಾರ ತಡೆಯುವ ತೂಕದ ಕಾಲು ಭಾಗದಷ್ಟು ಎಳೆದಾಗ ರೀಲು ದಾರ ಬಿಡಬೇಕು. ಚೊಣಕ ಬಾಯಿ ತೆರೆದು ನೀರಿನಿಂದ ಮೇಲೆ ಹಾರುತ್ತದೆ, ತಲೆ ಕೊಡವುತ್ತದೆ. ಹಾರುವುದು ಕಂಡ ಕೂಡಲೇ ಕಡ್ಡಿಯ ತುದಿಯನ್ನು ನೀರಿನ ಕಡೆಗೆ ಇಳಿಸಿ, ದಾರ ಮಾತ್ರ ಸಡಿಲ ಆಗಬಾರದು. ದಡಕ್ಕೆ ಬಂದ ಮೇಲೆ ಕಿವಿರಿಗೆ ಬೆರಳು ಹಾಕಬೇಡಿ. ಕೈಬಲೆಯಲ್ಲಿ ಎತ್ತಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಚೊಣಕ ಗಂಡಾಗಿ ಬೆಳೆಯುತ್ತದೆ. ವರ್ಷಗಳು ಕಳೆದು 80–100 ಸೆಂ.ಮೀ. ಉದ್ದ ಆಗುವ ಹೊತ್ತಿಗೆ ಹೆಣ್ಣಾಗಿ ಬದಲಾಗುತ್ತದೆ. ಅಂದರೆ ಅಳಿವೆಯ ದೊಡ್ಡ ಚೊಣಕಗಳು ಹೆಚ್ಚುಕಡಿಮೆ ಎಲ್ಲವೂ ತಾಯಂದಿರು. ಅದೂ ಸಾಲ್ಮನ್‌ಗೆ ತಿರುಗಾಮುರುಗಾ ದಾರಿಯಲ್ಲಿ ಹೋಗುತ್ತದೆ. ಮರಿಯಾಗಿ ನದಿಯಲ್ಲಿ ಬೆಳೆದು, ಮೊಟ್ಟೆ ಇಡಲು ಉಪ್ಪುನೀರಿನ ಕಡೆ ಇಳಿಯುತ್ತದೆ. ಎರಡು ಮೊಳದ ಚೊಣಕ ಸಿಕ್ಕರೆ ಫೋಟೊ ತೆಗೆದುಕೊಳ್ಳಿ, ನೀರಿನಲ್ಲೇ ಹಿಡಿದು ಉಸಿರು ಸುಧಾರಿಸಿಕೊಳ್ಳಲು ಬಿಡಿ, ಬಾಲ ಬಲವಾಗಿ ಬಡಿದ ಮೇಲೆ ಕೈ ಬಿಡಿ. ಮನೆಗೆ ಮೊಳದುದ್ದದ್ದು ಒಂದು ಸಾಕು, ಅಲ್ವಾ? ರುಚಿಯೂ ಅದರದ್ದೇ ಮೇಲು.

ಜೂನ್, ಜುಲೈ: ಗಾಳ ಒಳಗಿಡಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ದಡದಲ್ಲಿ ನಿಂತು ಗಾಳ ಹಾಕುವವರಿಗೆ ಅದು ಅನ್ವಯಿಸುವುದಿಲ್ಲ. ಆದರೂ ನಾನು ಈ ಎರಡು ತಿಂಗಳು ನದಿಗೆ ಹೋಗುವುದಿಲ್ಲ. ಕಾರಣ ನನ್ನ ಅಜ್ಜನ ಮನೆಯದು.

ಶಿರಸಿ ಸೀಮೆಯಲ್ಲಿ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಗದ್ದೆಗೆ ನೀರು ನುಗ್ಗಿದ ರಾತ್ರಿ ಹತ್ತುಮೀನು ಏರುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಓಡುವ ನೀರಿಗೆ ಎದುರಾಗಿ ಹಾರಿ ಹಾರಿ ಬರುತ್ತವೆ. ಬ್ಯಾಟರಿ, ಕತ್ತಿ, ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಊರಿಗೆ ಊರೇ ಹೊರಡುತ್ತಿತ್ತು. ನಾನು ಹತ್ತು ವರ್ಷದವನಿದ್ದಾಗ ಅಜ್ಜನ ಜೊತೆ ಹೋಗಿದ್ದೆ. ಒಂದು ಕೂಣಿಯ ತುಂಬ ಮೀನು. ಮನೆಗೆ ತಂದು ಸೀಳಿದರೆ ಒಂದೊಂದರ ಹೊಟ್ಟೆಯಲ್ಲೂ ಮೊಟ್ಟೆ. ಅಮ್ಮಮ್ಮ ಬಟ್ಟಲಲ್ಲಿ ಆ ಮೊಟ್ಟೆ ತೆಗೆದಿಡುತ್ತಾ, ‘ಇವೆಲ್ಲ ಗದ್ದೆ ಮುಟ್ಟಿದ್ದರೆ ಹೊಳೆ ಹಿಡಿಯದಷ್ಟು ಮೀನಾಗುತ್ತಿತ್ತು ನೋಡು’ ಅಂದಳು. ಅಜ್ಜ ಮರುವರ್ಷದಿಂದ ಕೂಣಿ ಇಡಲಿಲ್ಲ. ಈಗ ಆ ಹಳ್ಳದಲ್ಲಿ ಹತ್ತುವ ಮೀನು ಎಣಿಸಿದಷ್ಟು. ಸಾಲ್ಮನ್ ನದಿ ಹತ್ತುವುದನ್ನು ನೋಡಲು ಜನ ಎಲ್ಲಿಂದಲೋ ಬರುತ್ತಾರೆ. ನಮ್ಮ ಗದ್ದೆಯ ಬದುವಿನಲ್ಲೇ ಅದೇ ಆಟ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಬ್ಯಾಟರಿ ಹಾಕಿ ತೋರಿಸಿ, ಕತ್ತಿ ಮನೆಯಲ್ಲೇ ಇರಲಿ.

ಇನ್ನೊಂದು ಕಾರಣ ಜೀವಭಯ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಯೊಳಗೆ ಬಂತು. ಮಳೆಗಾಲದಲ್ಲಿ ನದಿ ದಡ, ಗುಡ್ಡದ ಬುಡ ಎರಡೂ ನಂಬುವ ಜಾಗಗಳಲ್ಲ.

ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟ ದಿನ ತೋಡುಗಳಲ್ಲಿ ಸಣ್ಣ ಮೀನು ಸಿಗುತ್ತದೆ. ಸಾಮಾನು ಸರಿಮಾಡಿಕೊಳ್ಳಲು ಒಳ್ಳೆಯ ಹೊತ್ತು.

ಕೆರೆ, ಗಜನಿ, ಕಾಡು

ಘಟ್ಟದ ಮೇಲಿನವರಿಗೆ ಕೆರೆಯೇ ಹತ್ತಿರ. ಚಳಿ ಕಳೆದು ನೀರು ಬೆಚ್ಚಗಾಗುವ ಫೆಬ್ರವರಿಯಿಂದ ಮೇವರೆಗೆ ಒಳ್ಳೆಯದು. ಗೆಂಡೆಯಂಥ ಮೀನಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿದ ಉಂಡೆ. ಕೊರವ, ಮುಗುಡಿಗೆ ಎರೆಹುಳ. ಜಿಲೇಬಿ ಮೀನು ಯಾವುದಕ್ಕೂ ಬರುತ್ತದೆ, ಎಷ್ಟು ಬೇಕಾದರೂ ಹಿಡಿಯಿರಿ. ಅದು ಹೊರಗಿನಿಂದ ಬಂದು ನಮ್ಮ ಮೀನಿನ ಜಾಗ ತಿನ್ನುತ್ತಿದೆ. ಅದನ್ನಾಗಲಿ, ಆಫ್ರಿಕನ್ ಕ್ಯಾಟ್‌ಫಿಶ್ ಅನ್ನಾಗಲಿ ಇನ್ನೊಂದು ಹಳ್ಳಕ್ಕೆ ತಂದು ಬಿಡಬೇಡಿ.

ಕೆರೆಗೆ ಇಳಿಯುವ ಮೊದಲು ಕೇಳಿ. ಎಷ್ಟೋ ಕೆರೆಗಳನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿರುತ್ತಾರೆ. ಮರಿ ತಂದು ಬಿಟ್ಟವರ ದುಡ್ಡು ಅಲ್ಲಿರುತ್ತದೆ. ಕುಮಟೆಯ ಮಾಣಿಕಟ್ಟೆಯ ಕಡೆ ಕಗ್ಗ ಭತ್ತ ಬೆಳೆಯುವ ಗಜನಿಗಳಿಗೂ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೂ) ಇದೇ ಮಾತು. ಭತ್ತ ಕೊಯ್ದ ಮೇಲೆ ಆ ನೀರಿನ ಮೀನು, ಶೆಟ್ಲಿಗೆ ಹಕ್ಕುದಾರರಿದ್ದಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗಾಳ ಹಾಕುವಂತಿಲ್ಲ. ದಾಂಡೇಲಿಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ, ಅಲ್ಲಿ ನೀರಿನ ಅಂಚಿನಲ್ಲಿ ಕೂರುವ ಯೋಚನೆಯೇ ಬೇಡ. ತೋಟೆ (ಸಿಡಿಮದ್ದು) ಹಾಕುವುದು, ನೀರಿಗೆ ವಿಷ ಬೆರೆಸುವುದು ಅಪರಾಧ. ಕಂಡರೆ ಸುಮ್ಮನಿರಬೇಡಿ. ಒಂದು ತೋಟೆಗೆ ಆ ಗುಂಡಿಯ ಮರಿ, ಮೊಟ್ಟೆ, ಏಡಿ ಎಲ್ಲ ಹೋಗುತ್ತವೆ.

ನೀರಲ್ಲಿ ಇಳಿದಾಗ

ಆರೇಳು ವರ್ಷದ ಹಿಂದೆ ತದಡಿಯ ಹತ್ತಿರ ನದಿ ನಡುವಿನ ಮರಳು ದಿಬ್ಬದಲ್ಲಿ ಕಾಣೆ ಚೆನ್ನಾಗಿ ಕಚ್ಚುತ್ತಿತ್ತು. ಹುಣ್ಣಿಮೆಯ ಮರುದಿನ. ನಾನು ಮುಂದೆ ನೋಡುತ್ತಿದ್ದೆ, ನೀರು ಹಿಂದಿನಿಂದ ತುಂಬಿತ್ತು. ತಿರುಗಿದಾಗ ದಡಕ್ಕೂ ನನಗೂ ನಡುವೆ ಎದೆಮಟ್ಟದ ಸೆಳೆತ. ತಾರಿ ನಡೆಸುವ ಅಣ್ಣ ದೂರದಿಂದ ಕಂಡು ದೋಣಿ ತಂದರು. ‘ತಮ್ಮಾ, ಇಳಿತ ಮುಗಿಯುವ ಮೊದಲೇ ದಿಬ್ಬ ಬಿಡಬೇಕು’ ಅಂದರು, ಅಷ್ಟೇ. ಅವತ್ತಿಂದ ದಿಬ್ಬಕ್ಕೆ ಹೋದರೆ ಮೊಬೈಲಲ್ಲಿ ಅಲಾರಂ ಇಡುತ್ತೇನೆ. ಒಬ್ಬನೇ ಹೋಗುವುದಿಲ್ಲ. ನೀವೂ ಹಾಗೇ ಮಾಡಿ. ಅಣೆಕಟ್ಟಿನ ಕೆಳಗೆ ಸೈರನ್ ಕೇಳಿದರೆ ಸಾಮಾನು ಬಿಟ್ಟು ಮೇಲೆ ಹತ್ತಿ.

ಆಳವಿಲ್ಲದ ನೀರಲ್ಲಿ ನಡೆಯುವಾಗ ಪಾದ ಎತ್ತಿಡದೆ ಜಾರಿಸುತ್ತ ಹೋಗಿ. ಮರಳಲ್ಲಿ ಮಲಗಿದ ತೊರಕೆ ಮೀನು ಸದ್ದಿಗೆ ಸರಿಯುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಮೀಸೆ ಇರುವ ಮೀನಿನ ಬೆನ್ನು ಮತ್ತು ಪಕ್ಕದ ಮುಳ್ಳುಗಳಲ್ಲೂ ನಂಜು. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿನೀರಲ್ಲಿ ಆ ಭಾಗವನ್ನು ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಿ, ಆಮೇಲೆ ಆಸ್ಪತ್ರೆಗೆ ಹೋಗಿ. ಹೊಟ್ಟೆ ಚೆಂಡಿನ ಹಾಗೆ ಊದಿಸಿಕೊಳ್ಳುವ ಮೀನು ಸಿಕ್ಕರೆ ಇಕ್ಕಳದಿಂದ ಗಾಳ ಬಿಡಿಸಿ ನೀರಿಗೆ ಬಿಡಿ. ಅದು ವಿಷದ ಮೀನು, ಬೇಯಿಸಿದರೂ ವಿಷ ಹೋಗುವುದಿಲ್ಲ.

ಹಿಡಿದ ಮೇಲೆ

ತಿನ್ನಲು ಇಟ್ಟುಕೊಳ್ಳುವ ಮೀನನ್ನು ಚೀಲದಲ್ಲಿ ಒದ್ದಾಡಲು ಬಿಡಬೇಡಿ. ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರಿನ ಕೆಳಗೆ ಕುಯ್ದು, ಎರಡು ನಿಮಿಷ ನೀರಲ್ಲಿ ಹಿಡಿದು ರಕ್ತ ಬಿಡಿಸಿ. ಆಮೇಲೆ ಪುಡಿ ಐಸಿಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿಡಿ. ನಮ್ಮ ಸೆಕೆಗೆ ಮೀನು ಒಂದೇ ಗಂಟೆಯಲ್ಲಿ ಮೆತ್ತಗಾಗುತ್ತದೆ. ಹೆಸರು ಗೊತ್ತಾಗದ ಮೀನು ಸಿಕ್ಕರೆ ಪೇಟೆಯಲ್ಲಿ ಮೀನು ಮಾರುವ ಅಕ್ಕಂದಿರಿಗೆ ಫೋಟೊ ತೋರಿಸಿ. ಕನ್ನಡದ ಹೆಸರು, ಕೊಂಕಣಿ ಹೆಸರು, ಸಾರಿಗೋ ಹುರಿಯಲಿಕ್ಕೋ, ಎಲ್ಲ ಹೇಳುತ್ತಾರೆ.

ತುಂಡಾದ ತಂಗೀಸನ್ನು ದಡದಲ್ಲಿ ಬಿಸಾಡದೆ ಜೇಬಿಗೆ ಹಾಕಿಕೊಳ್ಳಿ. ಕೊಕ್ಕರೆಯ ಕಾಲಿಗೆ ಸುತ್ತಿಕೊಂಡದ್ದನ್ನು ನಾನು ಬಿಡಿಸಿದ್ದೇನೆ. ಮನೆಗೆ ಬಂದ ಕೂಡಲೇ ರೀಲು, ಕಡ್ಡಿಯ ಉಂಗುರಗಳು, ಇಕ್ಕಳ ಎಲ್ಲವನ್ನೂ ಸಿಹಿನೀರಲ್ಲಿ ತೊಳೆಯಿರಿ. ರೀಲಿನ ಮೇಲೆ ನೀರು ಮೆಲ್ಲಗೆ ಸುರಿಯಬೇಕು, ಜೋರಾಗಿ ಬಿಟ್ಟರೆ ಉಪ್ಪು ಒಳಗೇ ಹೋಗಿ ಕೂರುತ್ತದೆ. ನೆರಳಲ್ಲಿ ಒಣಗಿಸಿ, ಹಿಡಿಯ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಬಿಗಿಯ ತಿರುಪನ್ನು ಪೂರ್ತಿ ಸಡಿಲ ಮಾಡಿ ತೂಗುಹಾಕಿ.